ಮೇ 31ರ ಸಿಟಿಸಿ (ಪ್ರಭಾರ ವರ್ಗಾವಣೆ ಪ್ರಮಾಣಪತ್ರ): ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಪ್ರಭಾರ ಬದಲಾದ ಪ್ರಕರಣ

ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆ. ಹಾಸಿಗೆ 100. ತಿಂಗಳಿಗೆ 250ರ ಆಸುಪಾಸು ಹೆರಿಗೆ, ಅದರಲ್ಲಿ 45ರಷ್ಟು ಸಿಸೇರಿಯನ್. ಸ್ತ್ರೀರೋಗ ತಜ್ಞೆ ಒಬ್ಬರೇ, ಅರಿವಳಿಕೆ ತಜ್ಞರು ಒಬ್ಬರೇ, ಮಕ್ಕಳ ತಜ್ಞರೂ ಒಬ್ಬರೇ. ಆಸ್ಪತ್ರೆಯ ಹೆಸರನ್ನು ಬಿಟ್ಟಿದ್ದೇವೆ. ದಿನಾಂಕ, ಅಂಕಿಗಳನ್ನು ಈ ಗಾತ್ರದ ಆಸ್ಪತ್ರೆಗೆ ಹೊಂದುವಂತೆ ಹಾಕಿಕೊಂಡಿದೆ. ಕಲಬುರಗಿ ವಿಭಾಗದ ಯಾವುದೇ ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದವರಿಗೆ ಇಲ್ಲಿನ ಒಂದೊಂದು ತೊಡಕೂ ಪರಿಚಿತವೇ.

ಆದೇಶ ಬಂದ ಸಂಜೆ

ಮೇ 29ರ ಸಂಜೆ ಆರೂವರೆಗೆ ವರ್ಗಾವಣೆ ಆದೇಶದ ಪಿಡಿಎಫ್ ಸಿಬ್ಬಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ಆಸ್ಪತ್ರೆಯ ಮುಖ್ಯಸ್ಥರಾದ ಆಡಳಿತ ವೈದ್ಯಾಧಿಕಾರಿ ಬೇರೆ ಜಿಲ್ಲೆಗೆ ವರ್ಗ. ಅವರ ಜಾಗಕ್ಕೆ ಯಾರ ಹೆಸರೂ ಇಲ್ಲ. ಮುಂದಿನ ಆದೇಶದವರೆಗೆ ಸೇವಾ ಹಿರಿಯರಿಗೆ ಪ್ರಭಾರ ವಹಿಸಿಕೊಡಬೇಕು ಎಂದಷ್ಟೇ ಇತ್ತು. ಹಿರಿತನದ ಪಟ್ಟಿಯಲ್ಲಿ ಮೊದಲ ಹೆಸರು ಸ್ತ್ರೀರೋಗ ತಜ್ಞೆಯದು. ರಾತ್ರಿ ಪಾಳಿಗೆ ಬಂದ ಶುಶ್ರೂಷಣಾಧಿಕಾರಿಗೆ ಸುದ್ದಿ ಮುಟ್ಟಿದ್ದು ಹೆರಿಗೆ ಕೋಣೆಯ ಬಾಗಿಲಲ್ಲಿ, ಹೊರಗುತ್ತಿಗೆಯ ಆಯಾ ಕೇಳಿದ ಮಾತಿನಿಂದ: "ಅಕ್ಕೋರೆ, ದೊಡ್ಡ ಸಾಹೇಬ್ರು ಹೊಂಟ್ರಂತಲ್ರಿ. ನಮ್ಮ ಹಾಜರಿಗಿ ಇನ್ನ ಸೈನ್ ಯಾರ್ ಮಾಡ್ತಾರ್ರಿ?"

ಮುಂದಿನ ಇಪ್ಪತ್ತೈದು ದಿನ ಆಸ್ಪತ್ರೆಯನ್ನು ಕಾಡಿದ್ದು ಇದೇ ಪ್ರಶ್ನೆ. ಆಯಾ ಕೇಳಿದ್ದು ತನ್ನ ಹಾಜರಿಯ ಬಗ್ಗೆ. ಆದರೆ ಅದೇ ಸಹಿಗೆ ಡೀಸೆಲ್, ಔಷಧ, ರೆಫರಲ್ ಪತ್ರ, ಅರಿವಳಿಕೆ ತಜ್ಞರ ಸಂಭಾವನೆ ಎಲ್ಲವೂ ಗಂಟು ಬಿದ್ದಿದ್ದವು.

ಮೇ ಕೊನೆಯೇ ಯಾಕೆ ಕಷ್ಟ

ನಮ್ಮ ಕಡೆ ಮೇ 31 ಬರೀ ತಿಂಗಳ ಕೊನೆಯಲ್ಲ. ಒಂದು ಕಾಲಕ್ಕೆ ಶಾಲೆಗೆ ಹೆಸರು ಹಚ್ಚುವಾಗ ಮೇಷ್ಟ್ರು ಮಕ್ಕಳ ಹುಟ್ಟಿದ ದಿನವನ್ನು ಜೂನ್ 1 ಎಂದು ಬರೆದುಬಿಡುತ್ತಿದ್ದರು. ರಾಜ್ಯ ಸರ್ಕಾರದ ನೌಕರರಿಗೆ ನಿವೃತ್ತಿ ವಯಸ್ಸು 60. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಹಾಗಾಗಿ ಮೇ 31ಕ್ಕೆ ಒಂದೇ ಕಚೇರಿಯಲ್ಲಿ ಮೂರು ನಾಲ್ಕು ಜನ ಹಾರ ಹಾಕಿಸಿಕೊಂಡು ಹೊರಡುವುದು ಸಾಮಾನ್ಯ. ಈ ಆಸ್ಪತ್ರೆಯಲ್ಲಿ ಆ ದಿನ ಹೊರಟವರು ಶುಶ್ರೂಷಾ ಅಧೀಕ್ಷಕಿ, ಕಚೇರಿ ಅಧೀಕ್ಷಕರು ಮತ್ತು ಫಾರ್ಮಸಿ ಅಧಿಕಾರಿ. ಮೂವರೂ ಆಸ್ಪತ್ರೆಯ ನೆನಪಿನಂತಿದ್ದವರು. ಯಾವ ಕಪಾಟಿನಲ್ಲಿ ಯಾವ ಕಡತ, ಯಾವ ಕೀಲಿ ಯಾರ ಬಲ್ಲಿ ಎಂಬುದು ಗೊತ್ತಿದ್ದದ್ದು ಇವರಿಗೆ. ನಿವೃತ್ತಿಯ ದಿನಾಂಕ ನೇಮಕವಾದ ದಿನದಿಂದಲೂ ಸೇವಾ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಆದರೂ ಉತ್ತರಾಧಿಕಾರಿಯನ್ನು ಕೊನೆಯ ವಾರ ಹುಡುಕುತ್ತೇವೆ. ಇದನ್ನು ಮೊದಲ ತಪ್ಪೆಂದೇ ದಾಖಲಿಸಬೇಕು.

ಇನ್ನೊಂದು ತೊಡಕು ಬಿಸಿಲಿನದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಆಸ್ಪತ್ರೆ ಹಗಲು ರಾತ್ರಿ ತೆರೆದಿದ್ದರೂ ಉಪಖಜಾನೆ ಒಂದೂವರೆಗೆ ಬಾಗಿಲು ಹಾಕುತ್ತದೆ. ಸಂಜೆ ಬಂದ ಆದೇಶದ ಮೇಲೆ ಕೆಲಸ ಮಾಡಲು ಕೈಗೆ ಸಿಕ್ಕಿದ್ದು ಎರಡು ಮುಂಜಾನೆಗಳು ಮಾತ್ರ.

ಹತ್ತು ನಿಮಿಷದ ಹಸ್ತಾಂತರ

31ರ ಅಪರಾಹ್ನ ಸಿಟಿಸಿ ಆಯಿತು. ಪ್ರಭಾರ ವರ್ಗಾವಣೆ ಪ್ರಮಾಣಪತ್ರ ಒಂದೇ ಹಾಳೆ: ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ, ಪೂರ್ವಾಹ್ನವೋ ಅಪರಾಹ್ನವೋ, ಜಿಲ್ಲಾ ಆರೋಗ್ಯಾಧಿಕಾರಿಗೆ, ಖಜಾನೆಗೆ ಪ್ರತಿ. ನಗದು ಪುಸ್ತಕದ ಶಿಲ್ಕು ಬರೆದರು, ಬೀರುವಿನ ಕೀಲಿ ಕೊಟ್ಟರು. ಸ್ತ್ರೀರೋಗ ತಜ್ಞೆ ಆಗಷ್ಟೇ ಒಂದು ಸಿಸೇರಿಯನ್ ಮುಗಿಸಿ ಬಂದಿದ್ದರು. ಸಹಿ ಹಾಕಿ ಮತ್ತೆ ವಾರ್ಡಿಗೆ ಹೋದರು.

ಅದೇ ಕಟ್ಟಡದಲ್ಲಿ ಶುಶ್ರೂಷಣಾಧಿಕಾರಿಗಳು ದಿನಕ್ಕೆ ಮೂರು ಸಲ ಪಾಳಿ ಒಪ್ಪಿಸುತ್ತಾರೆ. ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8. ತುರ್ತು ಟ್ರೇಯಲ್ಲಿ ಅಡ್ರಿನಲಿನ್ ಎಷ್ಟು, ಫ್ರಿಜ್ಜಿನಲ್ಲಿ ಆಕ್ಸಿಟೋಸಿನ್ ಎಷ್ಟು, ತಾಪಮಾನ 2ರಿಂದ 8 ಡಿಗ್ರಿ ಒಳಗಿದೆಯಾ, ಆಮ್ಲಜನಕದ ಸಿಲಿಂಡರಿನ ಮುಳ್ಳು ಎಲ್ಲಿದೆ, ಎಲ್ಲವನ್ನೂ ಎಣಿಸಿ, ಬರೆದು, ಇಬ್ಬರೂ ಸಹಿ ಮಾಡಿದ ಮೇಲೆಯೇ ಒಬ್ಬರು ಮನೆಗೆ ಹೋಗುವುದು. ಒಂದು ಟ್ರೇಗೆ ಇರುವ ಈ ಶಿಸ್ತು ಇಡೀ ಆಸ್ಪತ್ರೆಯ ಹೊಣೆ ಕೈಬದಲಾಗುವಾಗ ಇರಲಿಲ್ಲ.

ಒಂದು ಕುರ್ಚಿ, ಹತ್ತಾರು ಸಹಿ

ಆಡಳಿತ ವೈದ್ಯಾಧಿಕಾರಿಯ ಅಧಿಕಾರ ಒಂದೇ ಕಡೆ ಇಲ್ಲ. ವೇತನದ ಬಿಲ್ಲಿಗೆ ಅವರೇ ಬಟವಾಡೆ ಅಧಿಕಾರಿ (ಡಿಡಿಒ). ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರಲ್ಲಿ ಅವರ ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಸಂಖ್ಯೆ ಆಸ್ಪತ್ರೆಯ ಡಿಡಿಒ ಕೋಡಿಗೆ ಜೋಡಿಸಿರುತ್ತದೆ, ಸಹಿ ಡಿಜಿಟಲ್. ಆರೋಗ್ಯ ರಕ್ಷಾ ಸಮಿತಿಗೆ ಅವರು ಸದಸ್ಯ ಕಾರ್ಯದರ್ಶಿ. ಬ್ಯಾಂಕಿನಲ್ಲಿ ಜಂಟಿ ಸಹಿ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣಕ್ಕೆ, ಕೇಂದ್ರದ ಆನ್‌ಲೈನ್ ಪಾವತಿ ವ್ಯವಸ್ಥೆಯಾದ ಪಿಎಫ್‌ಎಂಎಸ್‌ನಲ್ಲಿ ಒಬ್ಬರು ನಮೂದಿಸಿದ್ದನ್ನು ಅನುಮೋದಿಸುವವರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕಕ್ಕೆ ಬೇರೆ ಲಾಗಿನ್. ಔಷಧ ಬೇಡಿಕೆಗೆ ಇನ್ನೊಂದು. ಎಕ್ಸ್-ರೇ ಯಂತ್ರದ ಪರವಾನಗಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಖಾತೆ, ಅದರಲ್ಲಿ 'ಉದ್ಯೋಗದಾತ' ಎಂದು ಇವರ ಹೆಸರು. ಸ್ಕ್ಯಾನಿಂಗ್ ಯಂತ್ರದ ನೋಂದಣಿಯಲ್ಲಿ ಇವರ ಹೆಸರು. ಜೈವಿಕ ವೈದ್ಯಕೀಯ ತ್ಯಾಜ್ಯದ ವಾರ್ಷಿಕ ವರದಿಯನ್ನು ಜೂನ್ 30ರೊಳಗೆ ನಮೂನೆ 4ರಲ್ಲಿ ಕಳಿಸಬೇಕಾದವರೂ ಇವರೇ. ಮಾಹಿತಿ ಹಕ್ಕಿನ ಅರ್ಜಿಗೂ ಇವರೇ ಅಧಿಕಾರಿ, ಅಧಿಕಾರಿ ಬದಲಾದರೆಂದು 30 ದಿನದ ಗಡುವು ನಿಲ್ಲುವುದಿಲ್ಲ. ದಂಡ ದಿನಕ್ಕೆ 250 ರೂಪಾಯಿ, ಗರಿಷ್ಠ 25,000.

ಸಿಟಿಸಿಗೆ ಸಹಿ ಬಿದ್ದಾಗ ಇವುಗಳಲ್ಲಿ ಒಂದೂ ತಾನಾಗಿ ಬದಲಾಗುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಪತ್ರ, ಬೇರೆ ಕಚೇರಿ, ಬೇರೆ ಕಾಯುವಿಕೆ.

ಜೂನ್ ಮೊದಲ ವಾರ ಕೆಟ್ಟದ್ದು ಮೂರು ಕಡೆ. ಮೊದಲನೆಯದು ಹೊರಗುತ್ತಿಗೆ ಸಿಬ್ಬಂದಿಯ ಸಂಬಳ. ಏಜೆನ್ಸಿಗೆ ಮೇ ತಿಂಗಳ ಹಾಜರಿ ದೃಢೀಕರಣ ಹೋಗಲಿಲ್ಲ. ಹಳೆಯ ಸಾಹೇಬರು ಬಿಡುಗಡೆಯಾಗಿದ್ದರು, ಹೊಸಬರು "ಮೇ ತಿಂಗಳದ್ದನ್ನು ನಾನು ಹೇಗೆ ದೃಢೀಕರಿಸಲಿ" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಮೇ 31ರ ಮಧ್ಯಾಹ್ನವೇ ಹಾಜರಿ ಪುಸ್ತಕ ಮುಚ್ಚಿ ಸಹಿ ಹಾಕಿಸಿಕೊಂಡಿದ್ದರೆ ಪ್ರಶ್ನೆಯೇ ಬರುತ್ತಿರಲಿಲ್ಲ. ಪಿಎಫ್, ಇಎಸ್‌ಐ ಕಟ್ಟಲು ಮುಂದಿನ ತಿಂಗಳ 15 ಕೊನೆ. ಹಾಜರಿ ತಡವಾದರೆ ಅದೂ ತಡ, ಆಮೇಲೆ ಯಾರದೋ ಇಎಸ್‌ಐ ಸೌಲಭ್ಯಕ್ಕೆ ತೊಡಕು. ಆಸ್ಪತ್ರೆಯಲ್ಲಿ ಅತಿ ಕಡಿಮೆ ಸಂಬಳದವರೇ ಮೊದಲು ಪೆಟ್ಟು ತಿಂದರು.

ಎರಡನೆಯದು ಡೀಸೆಲ್. 62.5 ಕೆವಿಎ ಜನರೇಟರ್ ಮುಕ್ಕಾಲು ಹೊರೆಯಲ್ಲಿ ಗಂಟೆಗೆ 10ರಿಂದ 12 ಲೀಟರ್ ಕುಡಿಯುತ್ತದೆ. ಬಂಕಿನವರು ಸಹಿ ಮಾಡಿದ ಇಂಡೆಂಟ್ ನೋಡಿ ಉದ್ರಿ ಕೊಡುತ್ತಿದ್ದರು, ಬಿಲ್ಲು ರಕ್ಷಾ ಸಮಿತಿ ಖಾತೆಯಿಂದ. ಬ್ಯಾಂಕಿನಲ್ಲಿ ಸಹಿ ಬದಲಾಗಲು ಸಮಿತಿಯ ನಡಾವಳಿ ಬೇಕು, ನಡಾವಳಿಗೆ ಸಭೆ ಬೇಕು, ಸಭೆಗೆ ಅಧ್ಯಕ್ಷರಾದ ಶಾಸಕರ ದಿನಾಂಕ ಬೇಕು. ಮುಂಗಾರಿಗೆ ಮುಂಚಿನ ಗಾಳಿಗೆ ತಂತಿ ಹರಿದು ಕರೆಂಟು ಹೋಗುವ ಕಾಲ ಅದು. ಲಸಿಕೆಯ ಐಸ್‌ಲೈನ್ಡ್ ಫ್ರಿಜ್ಜು ಕೆಲವು ಗಂಟೆ ತಡೆದುಕೊಳ್ಳುತ್ತದೆ. ರಕ್ತ ಶೇಖರಣಾ ಘಟಕದ ಫ್ರಿಜ್ಜು 2ರಿಂದ 6 ಡಿಗ್ರಿ ಒಳಗೇ ಇರಬೇಕು, ಅದು ಅಷ್ಟು ತಡೆಯುವುದಿಲ್ಲ.

ಮೂರನೆಯದು ರೆಫರಲ್. ತುರ್ತಲ್ಲದ ಕಾಯಿಲೆಗೆ ಆಯುಷ್ಮಾನ್ ಯೋಜನೆಯಡಿ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಹೋಗುವವರಿಗೆ ಇಲ್ಲಿಂದ ರೆಫರಲ್ ಬೇಕು. ಲಾಗಿನ್ ಪಾಸ್‌ವರ್ಡ್ ಬದಲಿಸಲು ಒಟಿಪಿ ಹೋಗುತ್ತಿದ್ದದ್ದು ವರ್ಗವಾದವರ ಖಾಸಗಿ ಮೊಬೈಲಿಗೆ. ಅವರು ಹೊಸ ಊರಿನಲ್ಲಿ ಹೊರರೋಗಿ ವಿಭಾಗದಲ್ಲಿ ಕೂತಿರುವಾಗ ಇಲ್ಲಿಂದ ಫೋನು. ಎರಡು ದಿನ ಎತ್ತಿದರು, ಮೂರನೇ ದಿನ ಎತ್ತಲಿಲ್ಲ. ಅವರನ್ನು ದೂರುವಂತಿಲ್ಲ. ಆಸ್ಪತ್ರೆಯ ಖಾತೆಗಳಿಗೆ ಆಸ್ಪತ್ರೆಯದೇ ಸಿಮ್, ಆಸ್ಪತ್ರೆಯದೇ ಮಿಂಚಂಚೆ ಇರಬೇಕಿತ್ತು. ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿಯ ರೀಚಾರ್ಜು ಉಳಿಸುವ ಜಾಗವಲ್ಲ ಇದು.

ಡ್ರಾವರಿನಲ್ಲಿದ್ದ ಡಾಂಗಲ್

ಜೂನ್ 6ರಂದು ಕಚೇರಿಯ ಮೇಜಿನ ಎರಡನೇ ಡ್ರಾವರಿನಲ್ಲಿ ಹಳೆಯ ಅಧಿಕಾರಿಯ ಡಿಜಿಟಲ್ ಸಹಿಯ ಡಾಂಗಲ್ ಸಿಕ್ಕಿತು. ಪಿನ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ರಬ್ಬರ್ ಬ್ಯಾಂಡ್ ಹಾಕಿ ಅದಕ್ಕೇ ಸುತ್ತಿತ್ತು. ಅದನ್ನು ಹಚ್ಚಿ ಒಂದು ಬಾಕಿ ಬಿಲ್ಲು ಕಳಿಸಿಬಿಡೋಣ ಎಂಬ ಮಾತು ಬಂತು. ಪ್ರಥಮ ದರ್ಜೆ ಸಹಾಯಕಿ ಒಪ್ಪಲಿಲ್ಲ. ಅವರು ಮಾಡಿದ್ದು ಸರಿ. ಡಿಜಿಟಲ್ ಸಹಿಯ ಖಾಸಗಿ ಕೀಲಿಯನ್ನು ತನ್ನ ಹಿಡಿತದಲ್ಲೇ ಇಟ್ಟುಕೊಳ್ಳುವುದು ಅದರ ಒಡೆಯನ ಹೊಣೆ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಹೇಳುತ್ತದೆ. ಮೇ 31ರ ನಂತರದ ದಿನಾಂಕದಲ್ಲಿ ಆ ಸಹಿ ಬಿದ್ದರೆ ಬಿಡುಗಡೆಯಾದ ಅಧಿಕಾರಿ, ಹಚ್ಚಿದ ಗುಮಾಸ್ತೆ ಇಬ್ಬರೂ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತಾರೆ. ಡಾಂಗಲನ್ನು ಲಕೋಟೆಯಲ್ಲಿ ಮೊಹರು ಮಾಡಿ, ಸ್ವೀಕೃತಿ ಪಡೆದು, ಒಡೆಯರಿಗೆ ಕಳಿಸಿದರು.

ಹೊಸಬರಿಗೆ ಡಿಜಿಟಲ್ ಸಹಿ ಮಾಡಿಸಲು ಆಧಾರ್, ಪ್ಯಾನ್, ವಿಡಿಯೊ ದೃಢೀಕರಣ. ಖಜಾನೆಗೆ ಪ್ರಭಾರ ಆದೇಶ, ಸಿಟಿಸಿ, ಮಾದರಿ ಸಹಿ. ಇಲ್ಲಿ ಒಂದು ಸೂಕ್ಷ್ಮವನ್ನು ಎಲ್ಲರೂ ಮರೆಯುತ್ತಾರೆ: 'ಸೇವಾ ಹಿರಿಯರಿಗೆ' ಎಂಬ ಒಂದು ಸಾಲಿನ ಮೇಲೆ ಖಜಾನೆ ಹಣಕಾಸಿನ ಅಧಿಕಾರ ಕೊಡಲಿಲ್ಲ. ಸಕ್ಷಮ ಪ್ರಾಧಿಕಾರದಿಂದ ಹೆಸರು, ಹುದ್ದೆ ಹಾಕಿದ ಆದೇಶ ಬೇಕೆಂದಿತು. ಅದು ಸ್ವತಂತ್ರ ಪ್ರಭಾರವೋ ಹೆಚ್ಚುವರಿ ಪ್ರಭಾರವೋ ಎಂಬುದೂ ಸ್ಪಷ್ಟವಿರಬೇಕು. ಸೇವಾ ನಿಯಮಗಳ 32 ಮತ್ತು 68ನೇ ನಿಯಮಗಳು ಬೇರೆ ಬೇರೆ, ಪ್ರಭಾರ ಭತ್ಯೆಯ ಲೆಕ್ಕ ಅದರ ಮೇಲೆ ನಿಂತಿದೆ. ಆ ಆದೇಶ ಬರಲು ಒಂಬತ್ತು ದಿನ ಹಿಡಿಯಿತು. ಜೂನ್ ವೇತನದ ಬಿಲ್ಲು 20ರ ನಂತರ ಹೋಗಬೇಕಿತ್ತಾದ್ದರಿಂದ ಕಾಯಂ ನೌಕರರ ಸಂಬಳ ಹೇಗೋ ಉಳಿಯಿತು.

ಎರಡು ಆಂಪೂಲ್‌ಗಳ ಲೆಕ್ಕ

ಮಾದಕ ಔಷಧಗಳ ಪೆಟ್ಟಿಗೆಗೆ ಎರಡು ಬೀಗ. ಒಂದು ಕೀಲಿ ಫಾರ್ಮಸಿ ಅಧಿಕಾರಿಯ ಬಲ್ಲಿ, ಇನ್ನೊಂದು ಅರಿವಳಿಕೆ ತಜ್ಞರ ಬಲ್ಲಿ. ನಿವೃತ್ತರಾದವರು 31ರಂದು ತಮ್ಮ ಕೀಲಿಯನ್ನು ಕಚೇರಿಗೆ ಕೊಟ್ಟು ಹೋದರು, ಎಣಿಕೆ ಆಗಲಿಲ್ಲ. ಜೂನ್ 3ರಂದು ಹೊಸ ಫಾರ್ಮಸಿ ಅಧಿಕಾರಿ ತೆರೆದು ಎಣಿಸಿದಾಗ ರಿಜಿಸ್ಟರಿನಲ್ಲಿ ಫೆಂಟನಿಲ್ (ತೀವ್ರ ನೋವಿಗೆ ಕೊಡುವ ಮಾದಕ ಔಷಧ) 2 ಮಿಲಿಯ ಆಂಪೂಲ್ 48, ಪೆಟ್ಟಿಗೆಯಲ್ಲಿ 46. ಅವರು ಸಹಿ ಮಾಡಲು ನಿರಾಕರಿಸಿದರು.

ಹಿರಿಯರನ್ನು ಅನುಮಾನಿಸಿದಂತಾಗುತ್ತದೆ ಎಂದು ಕೆಲವರಿಗೆ ಬೇಸರವಾಯಿತು. ಎಣಿಕೆ ಅನುಮಾನವಲ್ಲ ಎಂಬುದನ್ನು ಪಾಳಿ ಒಪ್ಪಿಸುವ ಯಾವ ಸಿಸ್ಟರ್‌ಗೂ ಹೇಳಿಕೊಡಬೇಕಿಲ್ಲ. ನಿವೃತ್ತರನ್ನು ಕರೆಸಿದರು, ಶಸ್ತ್ರಚಿಕಿತ್ಸಾ ಕೊಠಡಿಯ ಪುಸ್ತಕ ತೆಗೆಸಿದರು. ಏಪ್ರಿಲ್‌ನಲ್ಲಿ ಒಂದು ದಿನ ಟ್ರೇ ಬಿದ್ದು ಎರಡು ಆಂಪೂಲ್ ಒಡೆದದ್ದು ಅಲ್ಲಿ ದಾಖಲಾಗಿತ್ತು, ಸಾಕ್ಷಿ ಸಹಿಯೂ ಇತ್ತು. ಮಾದಕ ಔಷಧದ ರಿಜಿಸ್ಟರಿಗೆ ಮಾತ್ರ ಏರಿರಲಿಲ್ಲ. ಒಡೆದ ಗಾಜಿನ ಟಿಪ್ಪಣಿ, ಇಬ್ಬರ ಹೇಳಿಕೆ, ಜಿಲ್ಲೆಗೆ ಪತ್ರ. ಐದು ದಿನದ ಕೆಲಸ. ಅಷ್ಟರವರೆಗೆ ಪೆಟ್ಟಿಗೆ ಮುಚ್ಚಿತ್ತು. ಸಿಸೇರಿಯನ್ ಬೆನ್ನುಹುರಿ ಅರಿವಳಿಕೆಯಲ್ಲಿ, ಬುಪಿವಕೇನ್ ಒಂದರಿಂದಲೇ ನಡೆಯುವುದಾದ್ದರಿಂದ ಅದು ನಿಲ್ಲಲಿಲ್ಲ. ಸುಟ್ಟ ಗಾಯದವರು, ತೊಡೆಮೂಳೆ ಮುರಿದವರು ಮಾತ್ರ ದೊಡ್ಡ ನೋವುನಿವಾರಕವಿಲ್ಲದೆ ಕಾದರು, ಕೆಲವರನ್ನು ಹಾಗೆಯೇ ಯಾದಗಿರಿಗೆ ಕಳಿಸಬೇಕಾಯಿತು. ಇಂಥ ಔಷಧ ಬರೆಯಲು ಮಾನ್ಯತೆ ಪಡೆದ ಸಂಸ್ಥೆ ತನ್ನ ನಿಯೋಜಿತ ವೈದ್ಯರನ್ನು ಹೆಸರಿಸಿರಬೇಕು. ಆ ಹೆಸರೂ ಹಳೆಯ ಅಧಿಕಾರಿಯದೇ ಇತ್ತು, ಅದನ್ನೂ ಬದಲಿಸಿದರು.

ಕುರ್ಚಿಗೆ ಕೂತದ್ದು ಯಾರ ಕೈ

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಾಗದದ ತೊಂದರೆ. ನಿಜವಾದ ಹಾನಿ ಹೆರಿಗೆ ವಿಭಾಗದಲ್ಲಿ.

ಒಬ್ಬರೇ ಸ್ತ್ರೀರೋಗ ತಜ್ಞೆಯನ್ನು ಆಡಳಿತಕ್ಕೆ ಕೂಡಿಸಿದರೆ ಲೆಕ್ಕ ಹೀಗಾಗುತ್ತದೆ. ತಿಂಗಳಿಗೆ 45 ಸಿಸೇರಿಯನ್ ಎಂದರೆ ದಿನಕ್ಕೆ ಒಂದೂವರೆ. ಅದರ ಮೇಲೆ ತೊಡಕಿನ ಹೆರಿಗೆ, ಸ್ಕ್ಯಾನಿಂಗ್, ಹೊರರೋಗಿ ವಿಭಾಗ. ಈಗ ಸೇರಿದ್ದು ಜಿಲ್ಲಾ ಪರಿಶೀಲನೆ, ತ್ರೈಮಾಸಿಕ ಕೆಡಿಪಿ (ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನಾ ಸಭೆ), ವಿಡಿಯೊ ಸಂವಾದ, ದಿನಕ್ಕೆ ನಲವತ್ತು ಕಡತ. ಯಾದಗಿರಿಯ ಸಭೆಗೆ ಹೋದ ದಿನ ಶಸ್ತ್ರಚಿಕಿತ್ಸಾ ಕೊಠಡಿ ಖಾಲಿ. ಜೂನ್ 14ಕ್ಕೆ ಅರಿವಳಿಕೆ ತಜ್ಞರ ಕಡ್ಡಾಯ ಸರ್ಕಾರಿ ಸೇವೆಯ ಒಂದು ವರ್ಷ ಮುಗಿಯಿತು, ಅವರೂ ಹೊರಟರು. ಈ ದಿನಾಂಕವೂ ಒಂದು ವರ್ಷದಿಂದ ಗೊತ್ತಿದ್ದದ್ದೇ. ಕರೆದಾಗ ಬರುವ ಖಾಸಗಿ ಅರಿವಳಿಕೆ ತಜ್ಞರಿಗೆ ಪ್ರಕರಣಕ್ಕಿಷ್ಟು ಎಂದು ಆರೋಗ್ಯ ಅಭಿಯಾನದ ಹಣದಿಂದ ಕೊಡಬಹುದು. ಮೂರು ಸಲ ಬಂದರು. ಪಿಎಫ್‌ಎಂಎಸ್‌ನಲ್ಲಿ ಅನುಮೋದಿಸುವ ಕೈ ಇಲ್ಲದ್ದರಿಂದ ಮೂರರ ಹಣವೂ ಬಾಕಿ ಉಳಿಯಿತು. ನಾಲ್ಕನೇ ಸಲ ಅವರು ಬರಲಿಲ್ಲ.

ಆ ರಾತ್ರಿ ಬಂದ ಗರ್ಭಿಣಿಗೆ ಇದು ಎರಡನೇ ಹೆರಿಗೆ, ಮೊದಲನೆಯದು ಸಿಸೇರಿಯನ್. ತಾಯಿ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ತಜ್ಞೆ ಇದ್ದರು, ಮಕ್ಕಳ ವೈದ್ಯರಿದ್ದರು, ರಕ್ತವೂ ಇತ್ತು. ಅರಿವಳಿಕೆ ಕೊಡುವವರಿಲ್ಲ. 108ರಲ್ಲಿ ಕಲಬುರಗಿಗೆ ಕಳಿಸಿದರು, ಜತೆಗೆ ಒಬ್ಬ ಶುಶ್ರೂಷಣಾಧಿಕಾರಿ ಹೋದರು. ತಾಯಿ, ಮಗು ಇಬ್ಬರೂ ಉಳಿದರು. ಆದರೆ ಹಳೆಯ ಹೊಲಿಗೆ ಇರುವ ಗರ್ಭಕೋಶ ನೋವು ತಿನ್ನುತ್ತ ಗಂಟೆಗಟ್ಟಲೆ ದಾರಿ ಸವೆಸುವುದು ಎಂಥ ಅಪಾಯ ಎಂಬುದು ಆ ಗಾಡಿಯಲ್ಲಿ ಕೂತವರಿಗೆ ಗೊತ್ತು. ಪ್ರಭಾರದ ಕಾಗದವೊಂದು ತಡವಾದದ್ದರ ಬೆಲೆ ಕಟ್ಟಿದ್ದು ಆ ಹೆಣ್ಣುಮಗಳು.

ಮರುದಿನವೇ ಸ್ತ್ರೀರೋಗ ತಜ್ಞೆ ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತವಾಗಿ ಕೊಟ್ಟರು: ತುರ್ತು ಹೆರಿಗೆ ಸೇವೆಯ ಹಿತದಿಂದ ತನಗೆ ಪ್ರಭಾರ ಬೇಡ, ಹಿರಿತನದಲ್ಲಿ ಮುಂದಿನ ನೇತ್ರ ತಜ್ಞರಿಗೆ ಕೊಡಲು ತನ್ನ ಒಪ್ಪಿಗೆ ಇದೆ. ಈ ಒಪ್ಪಿಗೆ ಪತ್ರ ಬಹಳ ಮುಖ್ಯ. ಹಿರಿಯರನ್ನು ಬಿಟ್ಟು ಕಿರಿಯರಿಗೆ ಪ್ರಭಾರ ಕೊಟ್ಟರೆ ತಕರಾರು ಖಚಿತ; ಹಿರಿಯರೇ ಬರೆದುಕೊಟ್ಟರೆ ದಾರಿ ಸಲೀಸು. ಕಣ್ಣು, ಚರ್ಮ, ದಂತ ವಿಭಾಗದವರಿಗೆ ರಾತ್ರಿಯ ತುರ್ತು ಕಡಿಮೆ, ಶಸ್ತ್ರಚಿಕಿತ್ಸೆಗಳನ್ನು ದಿನ ಗೊತ್ತುಮಾಡಿ ಇಟ್ಟುಕೊಳ್ಳಬಹುದು. ಒಬ್ಬರೇ ಸ್ತ್ರೀರೋಗ ತಜ್ಞರು ಅಥವಾ ಒಬ್ಬರೇ ಅರಿವಳಿಕೆ ತಜ್ಞರು ಇರುವಲ್ಲಿ ಅವರಿಗೆ ಪ್ರಭಾರ ಕೊಡಲೇಬಾರದು ಎಂಬುದು ನಮ್ಮ ದೃಢ ಅಭಿಪ್ರಾಯ. ಈ ನೇತ್ರ ತಜ್ಞರ ವಿಷಯದಲ್ಲಿ ಇನ್ನೊಂದು ಅನುಕೂಲವಿತ್ತು: ಸಂವಿಧಾನದ 371ಜೆ ವಿಧಿಯಡಿ ಈ ಭಾಗದವರಿಗೆಂದೇ ಇರುವ ಸ್ಥಳೀಯ ವೃಂದದಲ್ಲಿ ನೇಮಕವಾದವರು. 2013ರ ಆದೇಶ ಗ್ರೂಪ್ ಎ, ಬಿ ನೇರ ನೇಮಕಾತಿಯಲ್ಲಿ ಶೇ 75ರಷ್ಟನ್ನು ಸ್ಥಳೀಯರಿಗೆ ಮೀಸಲಿಟ್ಟದ್ದರ ಒಂದು ಫಲ ಇದು. ಇಂಥವರು ಮುಂದಿನ ಮೇ ತಿಂಗಳಲ್ಲೂ ಇದೇ ಭಾಗದಲ್ಲಿ ಇರುವ ಸಂಭವ ಹೆಚ್ಚು.

ಮೇ 30ರಂದೇ ಈ ಪತ್ರ ಹೋಗಿದ್ದರೆ ಖಜಾನೆ, ಬ್ಯಾಂಕು, ಲಾಗಿನ್ ಎಲ್ಲವನ್ನೂ ಎರಡೆರಡು ಸಲ ಬದಲಿಸುವ ಕೆಲಸ ತಪ್ಪುತ್ತಿತ್ತು. ಆ ದಿನ ಯಾರೂ ಅವರನ್ನು ಕೇಳಲಿಲ್ಲ, ಅವರಿಗೂ ಬೇಡ ಎನ್ನಬಹುದೆಂದು ತೋಚಲಿಲ್ಲ.

ಎರಡನೇ ಹಸ್ತಾಂತರ

ಜೂನ್ 24ರ ಆದೇಶದಲ್ಲಿ ಹೆಸರು ಸ್ಪಷ್ಟವಾಗಿತ್ತು. ಹಸ್ತಾಂತರಕ್ಕೆ ಮೂರು ದಿನ ತೆಗೆದುಕೊಂಡರು. ಮೊದಲ ದಿನ ಹಣ: ನಗದು ಪುಸ್ತಕ, ಎಲ್ಲ ಬ್ಯಾಂಕ್ ಖಾತೆಗಳ ಆ ದಿನದ ಶಿಲ್ಕು, ಬಳಸದ ಚೆಕ್ಕುಗಳ ಸಂಖ್ಯೆ, ಬಂಕು, ಲಾಂಡ್ರಿ, ಊಟದ ಗುತ್ತಿಗೆಯವರಿಗೆ ಕೊಡಬೇಕಾದ ಬಾಕಿ. ಎರಡನೇ ದಿನ ಔಷಧ, ಉಪಕರಣ: ಅವಧಿ ಮೂರು ತಿಂಗಳಲ್ಲಿ ಮುಗಿಯುವ ಬ್ಯಾಚುಗಳು, ಹಾವಿನ ವಿಷದ ಮದ್ದು ಎಷ್ಟು ವೈಲ್ ಇದೆ (ಒಬ್ಬರಿಗೇ ಮೊದಲ ಸಲಕ್ಕೆ ಎಂಟರಿಂದ ಹತ್ತು ಬೇಕು, ಬಿತ್ತನೆ ಶುರುವಾಗಿತ್ತು), ಆಮ್ಲಜನಕ ಘಟಕದ ಶುದ್ಧತೆ ಶೇ 93ರ ಆಸುಪಾಸು ಇದೆಯೋ, ನಿರ್ವಹಣೆ ಕರಾರು ಎಂದಿನವರೆಗೆ. ಮೂರನೇ ದಿನ ಕಾನೂನಿನ ಕಾಗದ.

ಮೂರನೇ ದಿನವೇ ಹೆಚ್ಚು ಹೊತ್ತು ಹಿಡಿಯಿತು. ಸ್ಕ್ಯಾನಿಂಗ್ ನೋಂದಣಿಯಲ್ಲಿ ಬದಲಾವಣೆಯಿದ್ದರೆ 30 ದಿನ ಮುಂಚಿತವಾಗಿ ಜಿಲ್ಲಾ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ನಿಯಮ. ದಿಢೀರ್ ವರ್ಗಾವಣೆಯಲ್ಲಿ ಅದು ಆಗದ ಮಾತು, ಆದ್ದರಿಂದ ಆದೇಶ ಬಂದ ದಿನವೇ ಕಾರಣ ಬರೆದು ಪತ್ರ ಕೊಟ್ಟರು. ತಿಂಗಳ ವರದಿ ಮುಂದಿನ ತಿಂಗಳ 5ರೊಳಗೆ ಹೋಗಬೇಕು, ನಮೂನೆ ಎಫ್ (ಗರ್ಭಿಣಿಯ ಪ್ರತಿ ಸ್ಕ್ಯಾನಿಂಗಿಗೂ ತುಂಬುವ ಕಾಗದ) ಭರ್ತಿಯಾಗದೆ ಉಳಿದವು ಎಷ್ಟೆಂದು ಎಣಿಸಿದರು. ವೈದ್ಯ-ಕಾನೂನು ಪ್ರಕರಣಗಳಲ್ಲಿ ಮೊದಲ ಅಧಿಕಾರಿ ನೋಡಿದ ಒಂಬತ್ತು ಗಾಯದ ಪ್ರಮಾಣಪತ್ರ ಬಾಕಿ ಇದ್ದವು, ಎಕ್ಸ್-ರೇ ವರದಿಗೆ ಕಾದಿದ್ದವು. ಪರೀಕ್ಷಿಸಿದ ವೈದ್ಯರೇ ಬರೆಯಬೇಕಾದ ಕಾಗದ ಅವು. ಠಾಣೆಯವರು ಹೊಸಬರ ಬೆನ್ನು ಹತ್ತಿದ್ದರು. ಒಂಬತ್ತನ್ನೂ ರಿಜಿಸ್ಟರಿನ ಪ್ರತಿಯ ಜತೆ ಮೊಹರು ಮಾಡಿ ವಿಶೇಷ ದೂತನ ಕೈಲಿ ಕಳಿಸಿ ಬರೆಯಿಸಿ ತಂದರು. ಮುಂದೆ ಯಾವ ವೈದ್ಯರಿಗೂ ಬಾಕಿ ಗಾಯದ ಪ್ರಮಾಣಪತ್ರ ಇಲ್ಲವೆಂಬ ಟಿಪ್ಪಣಿ ಇಲ್ಲದೆ ಬಿಡುಗಡೆ ಇಲ್ಲ ಎಂದು ಕಚೇರಿ ಆದೇಶ ಮಾಡಿಕೊಂಡರು.

ಸಿಬ್ಬಂದಿಗೆ ಸುದ್ದಿಯನ್ನು ಈ ಸಲ ವಾಟ್ಸ್‌ಆ್ಯಪ್ ಹೇಳಲಿಲ್ಲ. 27ರಂದು ಮಧ್ಯಾಹ್ನ ಎರಡಕ್ಕೆ, ಎರಡೂ ಪಾಳಿಯವರು ಸಿಗುವ ಹೊತ್ತಿಗೆ, ಹೊರರೋಗಿ ವಿಭಾಗದ ಪಡಸಾಲೆಯಲ್ಲಿ ಇಪ್ಪತ್ತು ನಿಮಿಷ ನಿಂತು ಮಾತಾಡಿದರು. ತಿಂಗಳ ಕೊನೆಯವರೆಗೆ ಪಾಳಿ ಪಟ್ಟಿ ಬದಲಾಗುವುದಿಲ್ಲ. ರಜೆಯ ಅರ್ಜಿ ಹೊಸ ಶುಶ್ರೂಷಾ ಅಧೀಕ್ಷಕಿಗೆ. ರಾತ್ರಿ ತುರ್ತಿಗೆ ಈ ಸಂಖ್ಯೆಗೆ ಫೋನು. ಹೊರಗುತ್ತಿಗೆಯವರ ಹಾಜರಿ ಪ್ರತಿ ತಿಂಗಳ ಕೊನೆಯ ಕೆಲಸದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚಿ ಸಹಿ. ಇದಿಷ್ಟನ್ನೂ ಆದೇಶ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಪಡೆದರು, ಸೂಚನಾ ಫಲಕಕ್ಕೂ ಹಚ್ಚಿದರು.

ಆಮೇಲೆ ಮಾದಕ ಔಷಧದ ಪೆಟ್ಟಿಗೆ. ಫಾರ್ಮಸಿ ಅಧಿಕಾರಿ, ಸ್ತ್ರೀರೋಗ ತಜ್ಞೆ, ನೇತ್ರ ತಜ್ಞರು ಮೂವರೂ ನಿಂತು ಎಣಿಸಿದರು. ರಿಜಿಸ್ಟರಿನಲ್ಲಿ ಫೆಂಟನಿಲ್ 41, ಪೆಟ್ಟಿಗೆಯಲ್ಲಿ 41. ಮೂರು ಸಹಿ, ಪಕ್ಕದಲ್ಲಿ ಹೊತ್ತು: ಮಧ್ಯಾಹ್ನ 3.10. ಸ್ತ್ರೀರೋಗ ತಜ್ಞೆ ಪೆನ್ನು ಮುಚ್ಚಿ ಹೆರಿಗೆ ಕೋಣೆಗೆ ಹೋದರು.